ಬುಧವಾರ ಎರಡು ಗಂಟೆ ಹತ್ತು ನಿಮಿಷದ ಕರೆ

ಈ ಸಂಗತಿಯನ್ನು ಬರೆಯಲು ನನಗಿಂತ ತಿಳಿದವರು ನಮ್ಮ ಕಂಪನಿಯಲ್ಲೇ ಇದ್ದಾರೆ. ಅವರಲ್ಲಿ ಯಾರಾದರೂ ಬರೆಯಲಿ ಎಂದು ಎರಡು ವರ್ಷ ಕಾದೆ, ಯಾರೂ ಬರೆಯಲಿಲ್ಲ. ನಾನು ಓದಿದ್ದು ಸಂಜೆ ತರಗತಿಯಲ್ಲಿ, ಅದೂ ಮೂವತ್ತಾರನೇ ವಯಸ್ಸಿನಲ್ಲಿ, ಹಗಲೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಿ ಕಣ್ಣು ಎಳೆಯುವ ಹೊತ್ತಿಗೆ ಹೋಗಿ ಕೂತು. ಹಾಗಾಗಿ ಫೋನಿನ ವಿದ್ಯೆಯ ಬಗ್ಗೆ ಏನಾದರೂ ತಪ್ಪು ಹೇಳಿದ್ದರೆ ತಿಳಿದವರು ದಯವಿಟ್ಟು ಕ್ಷಮಿಸಬೇಕು. ಮುಕ್ತಕ್ಕನ ಬಗ್ಗೆ ತಪ್ಪು ಹೇಳಿದ್ದರೆ ಮಾತ್ರ ಕ್ಷಮಿಸಬೇಡಿ, ನನ್ನನ್ನು ಕರೆದು ತಿದ್ದಿಸಿ.

ನಮ್ಮದು ಹೊಲಿಗೆ ಯಂತ್ರದ ಬಿಡಿಭಾಗಗಳನ್ನು ಮಾಡಿ ಮಾರುವ ಕಂಪನಿ. ಶಟಲ್, ಬಾಬಿನ್, ಸೂಜಿ ಹಿಡಿಯುವ ಕಂಬಿ, ಹುಕ್ಕು, ಹೀಗೆ ನೂರ ಹನ್ನೆರಡು ಬಗೆ. ಯಜಮಾನರು ತೋಟಪ್ಪನವರು. ಗಿರಾಕಿಗಳೆಲ್ಲ ಹೊರಗಿನ ಊರುಗಳ ಟೈಲರುಗಳು, ರಿಪೇರಿಯವರು. ಅವರು ಫೋನು ಮಾಡಿ ನಂಬರು ಹೇಳಿದರೆ ನಾವು ಬಸ್ಸಿಗೆ ಪಾರ್ಸೆಲ್ ಹಾಕುತ್ತೇವೆ. ಈ ಫೋನುಗಳನ್ನು ಇಪ್ಪತ್ತಾರು ವರ್ಷ ನೋಡಿಕೊಂಡವರು ಮುಕ್ತಾಬಾಯಿ, ನಮಗೆಲ್ಲ ಮುಕ್ತಕ್ಕ. ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯಲ್ಲಿ ಆರು ಲೈನಿನ ಹಳೆಯ ಬೋರ್ಡಿನ ಮುಂದೆ ಅವರ ಕುರ್ಚಿ. ಕೆಂಪು ದೀಪ ಹತ್ತಿದ ತೂತಿಗೆ ತಂತಿಯ ಬಳ್ಳಿ ಚುಚ್ಚಿ, ಇನ್ನೊಂದು ಬಳ್ಳಿಯನ್ನು ಬೇಕಾದ ವಿಭಾಗಕ್ಕೆ ಚುಚ್ಚುವುದು ಅವರ ಕೆಲಸ.

ಎಣ್ಣೆ ಗಿರಣಿ ಹನ್ನೆರಡು ಗಂಟೆಗೆ ಕೂಗಿದ ಮೇಲೆ ನಮ್ಮೂರಿನಲ್ಲಿ ಮನುಷ್ಯರ ದನಿ ಕೇಳಿಸುವುದಿಲ್ಲ. ನಾಲ್ಕು ಗಂಟೆಗೆ ಗಿರಣಿ ಮತ್ತೆ ಕೂಗಿದ ಮೇಲೆ ಕೇಳಿಸುತ್ತದೆ. ಪಾತ್ರೆ ಬಿದ್ದರೆ ಕೇಳಿಸುತ್ತದೆ, ಕಾಗೆ ಕೂಗಿದರೆ ಕೇಳಿಸುತ್ತದೆ, ಬಾಯಿಯಿಂದ ಹೊರಟದ್ದು ಮಾತ್ರ ಇಲ್ಲ. ರೇಡಿಯೋ ಹಾಕಿದರೆ ತಬಲ ಪಿಟೀಲು ಬರುತ್ತವೆ, ಹಾಡುವವರು ಬರುವುದಿಲ್ಲ. ಮಕ್ಕಳ ಕಾಲಿಗೆ ಗೆಜ್ಜೆ ಕಟ್ಟದ ಮನೆ ನಮ್ಮಲ್ಲಿಲ್ಲ, ಅಳುವ ಕೂಸು ಕಾಲು ಬಡಿದರೇ ತಾಯಿಗೆ ಎಚ್ಚರ. ಶಾಲೆಯಲ್ಲಿ ಮಧ್ಯಾಹ್ನ ಲೆಕ್ಕ ಮತ್ತು ಚಿತ್ರಕಲೆ. ಮಸೀದಿಯವರು ನಮಾಜಿನ ಹೊತ್ತಿಗೆ ಹಸಿರು ದೀಪ ಹಚ್ಚುತ್ತಾರೆ. ಗಂಡ ಹೆಂಡಿರು ಹನ್ನೊಂದೂವರೆಗೆ ಜಗಳ ತೆಗೆದರೆ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ನಾಲ್ಕರ ನಂತರ ಮುಂದುವರಿಸುತ್ತಾರೆ, ಅಷ್ಟರಲ್ಲಿ ಎಷ್ಟೋ ಸಲ ಇಬ್ಬರಿಗೂ ಮರೆತಿರುತ್ತದೆ.

ಆ ನಾಲ್ಕು ಗಂಟೆ ನಾವು ತಟ್ಟಿ ಮಾತಾಡುತ್ತೇವೆ. ಉಂಗುರ, ಬೀಗದ ಕೈ, ಪೆನ್ನು, ಕೈಗೆ ಸಿಕ್ಕಿದ್ದರಿಂದ. ಒಂದು ಸಲ ತಟ್ಟಿದರೆ ಇದ್ದೇನೆ, ಎರಡು ತಟ್ಟಿದರೆ ಹೌದು, ಮೂರಾದರೆ ಇಲ್ಲ, ಉಗುರಿನಿಂದ ಗೀರಿದರೆ ಸ್ವಲ್ಪ ಇರಿ. ಅಂಕಿಗಳನ್ನು ಬಿಟ್ಟು ಬಿಟ್ಟು ತಟ್ಟಬೇಕು. ಹಳೆಯ ಫೋನಿನಲ್ಲಿಯೂ ಮಧ್ಯಾಹ್ನ ದನಿ ಹೋಗುತ್ತಿರಲಿಲ್ಲ, ತಟ್ಟಿದ್ದು ಹೋಗುತ್ತಿತ್ತು. ಮುಕ್ತಕ್ಕ ಹೊರಗಿನ ಗಿರಾಕಿಗಳಿಗೂ ನಿಧಾನವಾಗಿ ಇದನ್ನು ಕಲಿಸಿದ್ದರು. ಆದರೆ ಹೊಸ ಗಿರಾಕಿಗಳಿಗೆ ಇದು ತಿಳಿಯದು. ಹಲೋ ಹಲೋ ಎಂದು ನಾಲ್ಕು ಸಲ ಕೂಗಿ, ಫೋನು ಕೆಟ್ಟಿದೆ ಎಂದುಕೊಂಡು ಬೇರೆ ಕಂಪನಿಗೆ ಹೋಗುತ್ತಿದ್ದರು.

ಸಂಜೆ ತರಗತಿಯಲ್ಲಿ ನಮಗೆ ಇಂಟರ್ನೆಟ್ ಫೋನಿನ ಪಾಠ ಇತ್ತು. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಅದನ್ನು ಚಿಕ್ಕ ಚಿಕ್ಕ ತುಂಡು ಮಾಡಿ ತೋರಿಸಿದ್ದರು. ನಾವು ಆಡಿದ ಮಾತನ್ನು ಆ ಫೋನು ಮೊದಲು ಅಂಕಿಗಳಾಗಿ ಬದಲಿಸುತ್ತದೆ. ಒಂದು ಸೆಕೆಂಡಿನ ಮಾತು ಐವತ್ತು ಚೂರಾಗುತ್ತದೆ. ಪ್ರತಿ ಚೂರಿನ ಮೇಲೂ ತಲುಪಬೇಕಾದ ವಿಳಾಸ ಮತ್ತು ತನ್ನ ಕ್ರಮಸಂಖ್ಯೆ ಬರೆದಿರುತ್ತದೆ. ಚೂರುಗಳೆಲ್ಲ ಒಂದೇ ದಾರಿಯಲ್ಲಿ ಹೋಗಬೇಕೆಂದಿಲ್ಲ, ಕೆಲವು ಸುತ್ತು ಹಾಕಿಕೊಂಡು ಬರುತ್ತವೆ. ಆ ಕಡೆಯ ಫೋನು ಒಂದು ಗಳಿಗೆ ಕಾದು, ಕ್ರಮಸಂಖ್ಯೆ ನೋಡಿ ಜೋಡಿಸಿ, ಮತ್ತೆ ಮಾತು ಮಾಡಿ ಕಿವಿಗೆ ಕೊಡುತ್ತದೆ. ತೀರ ತಡವಾಗಿ ಬಂದ ಚೂರನ್ನು ಬಿಟ್ಟುಬಿಡುತ್ತದೆ. ಇಷ್ಟೆಲ್ಲ ನಡೆಯುತ್ತಿರುವುದು ಆಡುವವರಿಗೂ ತಿಳಿಯುವುದಿಲ್ಲ, ಕೇಳುವವರಿಗೂ ತಿಳಿಯುವುದಿಲ್ಲ. ನಾನು ಆವತ್ತು ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ದಾರಿಯಲ್ಲಿ ಹೋಗುವುದು ದನಿಯಲ್ಲ, ಬರೀ ಅಂಕಿ. ಹಾಗಾದರೆ ನಮ್ಮ ಮಧ್ಯಾಹ್ನ ಅದನ್ನು ತಡೆಯುತ್ತದೆಯೇ?

ಮೊಬೈಲು ನಮ್ಮ ಗುಡ್ಡಗಳೊಳಗೆ ಇನ್ನೂ ಹಿಡಿಯುವುದಿಲ್ಲ. ಆದರೆ ಆ ವರ್ಷ ನೆಲದಡಿ ಇಂಟರ್ನೆಟ್ಟಿನ ಕೇಬಲ್ ಬಂದಿತ್ತು. ಮೂರು ವಾರ ಹಿಂದೆಮುಂದೆ ನೋಡಿ, ಕೊನೆಗೆ ಯಜಮಾನರ ಮುಂದೆ ನಿಂತು ಹೇಳಿದೆ. ತಪ್ಪಾದರೆ ನಾನೇ ಜವಾಬ್ದಾರಿ ಎಂದೂ ಹೇಳಿದೆ. ಯಾಕೆ ಹಾಗೆಂದೆನೋ, ಆ ರಾತ್ರಿ ನಿದ್ದೆ ಬರಲಿಲ್ಲ.

ತೋಟಪ್ಪನವರು ಒಪ್ಪಿದರು. ಫೋನು ಕಳಿಸುವ ಕಂಪನಿಯ ಇಂಜಿನಿಯರು ಮೆಲ್ವಿನ್, ಕರಾವಳಿ ಕಡೆಯವರು. ಅವರು ನಮ್ಮೂರಿಗೆ ಬರಲೇ ಇಲ್ಲ, ಬೆಳಗಿನ ಹೊತ್ತು ಹಳೆಯ ಫೋನಿನಲ್ಲೇ ನನಗೆ ಹೇಳಿಕೊಟ್ಟರು. ಯಾವ ತಂತಿ ಎಲ್ಲಿಗೆ, ಯಾವ ವಿಭಾಗಕ್ಕೆ ಯಾವ ಒಳನಂಬರು, ಕರೆ ಬಂದಾಗ ಏನು ಹೇಳಬೇಕು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಿದೆ. ಮುಕ್ತಕ್ಕನ ಬೋರ್ಡಿನ ಕೆಲಸ ಮಾಡುವ ಯಂತ್ರ ನಮ್ಮ ಕಟ್ಟಡದಲ್ಲಿಲ್ಲ, ಎಲ್ಲೋ ದೂರದಲ್ಲಿದೆ, ನಮ್ಮಲ್ಲಿ ಕರೆಂಟು ಹೋದರೂ ಅದು ಗಿರಾಕಿಗೆ ನಮಸ್ಕಾರ ಹೇಳುತ್ತಿರುತ್ತದೆ ಎಂದು ಮೆಲ್ವಿನ್ ಹೇಳಿದಾಗ ನಾನು ಎರಡನೇ ಸಲ ಹೇಳಿಸಿಕೊಂಡೆ.

ಕಡೆಗೆ ಒಂದು ಪುಟ ಬಂತು. ಅದರಲ್ಲಿ ಒಂದು ಚೌಕ.

"ಇದನ್ನು ಟಿಕ್ ಮಾಡಿದ್ರೆ ದನಿ ಬಿಟ್ಟು ಬೇರೆ ಶಬ್ದ ಎಲ್ಲ ತೆಗೀತದೆ. ಫ್ಯಾನು, ಮಿಷಿನು, ಕುರ್ಚಿ ಎಳೆದದ್ದು, ಎಲ್ಲ," ಎಂದರು ಮೆಲ್ವಿನ್. "ನಿಮಗೆ ದನಿ ಬಿಟ್ಟು ಬೇರೆ ಎಂತದಾದ್ರೂ ಕೇಳಬೇಕಾ ಮೇಡಮ್?"

ನಮ್ಮ ಪರೀಕ್ಷೆ ವಿಭಾಗದಲ್ಲಿ ದಿನವಿಡೀ ಹೊಲಿಗೆ ಯಂತ್ರಗಳು ಗಡಗಡ ಎನ್ನುತ್ತಿರುತ್ತವೆ. ನಾನು ಅದನ್ನೇ ನೆನೆದೆ.

"ಬೇಡ ಸಾರ್. ದನಿ ಒಂದಿದ್ರೆ ಸಾಕು," ಎಂದೆ.

"ಇನ್ನೊಂದು ಉಂಟು. ಕರೆ ಮಾಡಿದವರು ಇಪ್ಪತ್ತು ಸೆಕೆಂಡು ಮಾತಾಡದಿದ್ರೆ, ಗುಂಡಿ ಒತ್ತದಿದ್ರೆ, ತಾನೇ ಕಟ್ ಮಾಡ್ತದೆ. ಲೈನ್ ಸುಮ್ಮನೆ ತುಂಬಬಾರದಲ್ಲ."

ಅದಕ್ಕೂ ಹೂಂ ಎಂದೆ. ಹುಟ್ಟಿದಾಗಿನಿಂದ ದಿನಕ್ಕೆ ನಾಲ್ಕು ಗಂಟೆ ತಟ್ಟಿಕೊಂಡೇ ಬದುಕಿದವಳು ನಾನು. ನನ್ನ ಮದುವೆಯ ಒಪ್ಪಿಗೆಯನ್ನು ಕೊಟ್ಟದ್ದೂ ಕಾಫಿ ಲೋಟದ ಮೇಲೆ ಎರಡು ಸಲ ತಟ್ಟಿ. ಆದರೂ ಹೂಂ ಎಂದೆ. ಇದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ.

ತಿಂಗಳ ಮೊದಲ ದಿನ ಫೋನುಗಳು ಶುರುವಾದವು. ಗಿರಣಿ ಹನ್ನೆರಡು ಕೂಗಿ ಇಪ್ಪತ್ತು ನಿಮಿಷವಾಗಿತ್ತು. ನಾನು ಗೋದಾಮಿನಲ್ಲಿ ಹೊಸ ಫೋನು ಹಿಡಿದು ನಿಂತಿದ್ದೆ, ಪ್ಯಾಕಿಂಗಿನ ಖಾಜಾಸಾಬರು ಆ ಕೊನೆಯಲ್ಲಿ. ನಲವತ್ತು ಹೆಜ್ಜೆ ದೂರ, ಅವರು ಬಾಯಿ ಆಡಿಸುವುದು ಕಾಣುತ್ತಿತ್ತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕಿವಿಯಲ್ಲಿ, ಪಕ್ಕದಲ್ಲೇ ನಿಂತವರ ಹಾಗೆ, "ಸುಗುಣಕ್ಕ, ಊಟ ಆಯ್ತಾ?"

ನನಗೆ ಗೊತ್ತಿರುವಂತೆ ನಮ್ಮೂರಿನ ಮಧ್ಯಾಹ್ನದಲ್ಲಿ ಕೇಳಿಬಂದ ಮೊದಲ ಮನುಷ್ಯ ದನಿ ಅದು. ನಾನು ರಿಸೀವರನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಕಿವಿಗೆ ಇಟ್ಟುಕೊಂಡೆ. ಅವರು ಮತ್ತೆ, "ಇಲ್ಲಾಂದ್ರೆ ಇಲ್ಲ ಅನ್ನಿ, ನಂದೇನು ಬಿರಿಯಾನಿ ಕೊಡ್ತೀನಿ ಅಂದಿಲ್ಲ," ಎಂದರು.

ಆ ವಾರವನ್ನು ಹೇಗೆ ವರ್ಣಿಸಬೇಕೋ ತಿಳಿಯದು. ಜನ ಊಟದ ಡಬ್ಬಿ ಬಿಟ್ಟು ಫೋನಿನ ಮುಂದೆ ಸಾಲು ನಿಂತರು. ಲೇತ್ ಕೆಲಸದ ಒಬ್ಬರು ಪಕ್ಕದ ಮೇಜಿನವರಿಗೆ ಫೋನು ಮಾಡಿ ಹಾಡು ಹೇಳಿದರು. ಗಿರಾಕಿ ಕರೆ ಮಾಡಿದರೆ ನನ್ನದೇ ದನಿಯಲ್ಲಿ ನಮಸ್ಕಾರ, ಆಮೇಲೆ ಹೊಸ ಆರ್ಡರಿಗೆ ಒಂದು ಒತ್ತಿ, ಹಳೆಯ ಪಾರ್ಸೆಲ್ ವಿಚಾರಕ್ಕೆ ಎರಡು ಒತ್ತಿ. ಒಂದು ಒತ್ತಿದರೆ ನಾಲ್ಕು ಮೇಜುಗಳ ಫೋನು ಒಟ್ಟಿಗೆ ಬಡಿಯುತ್ತಿತ್ತು, ಯಾರಿಗೆ ಬಿಡುವೋ ಅವರು ಎತ್ತುತ್ತಿದ್ದರು. ಎಲ್ಲರಿಗೂ ಕೆಲಸವಿದ್ದರೆ ಕರೆಗಳು ಬಂದ ಕ್ರಮದಲ್ಲಿ ಸರದಿ ನಿಲ್ಲುತ್ತಿದ್ದವು, ಒಬ್ಬರೂ ನುಗ್ಗುವಂತಿರಲಿಲ್ಲ. ಫೋನನ್ನು ಬಿಚ್ಚಿ ಬೇರೆ ಮೇಜಿಗೆ ಒಯ್ದು ಸಿಕ್ಕಿಸಿದರೆ ನಂಬರೂ ಜೊತೆಗೇ ಹೋಗುತ್ತಿತ್ತು. ತಂತಿಗಲ್ಲ, ಆಳಿಗೆ ಅಂಟಿದ ನಂಬರು. ಇಂಥದ್ದನ್ನು ಯೋಚಿಸಿ ಮಾಡಿದವರು ಯಾರೋ, ಅವರಿಗೆ ಒಂದು ಕಾಗದ ಬರೆಯಬೇಕೆಂದು ನನಗೆ ಅನ್ನಿಸಿತ್ತು, ವಿಳಾಸ ಗೊತ್ತಿರಲಿಲ್ಲ.

ಮುಕ್ತಕ್ಕನ ಮೇಜಿನ ಮೇಲೂ ಒಂದು ಇಟ್ಟೆ. ಅವರು ರಿಸೀವರನ್ನು ಎತ್ತಿ, ಮೂಸಿ ನೋಡಿದಂತೆ ಮಾಡಿ, ಉಂಗುರದಿಂದ ಒಂದು ತಟ್ಟಿದರು. ನಾನು ಬೇರೆ ಕೋಣೆಯಲ್ಲಿ ಕೇಳುತ್ತಿದ್ದೆ. ಏನೂ ಬರಲಿಲ್ಲ. ನಾಲ್ಕು ಗಂಟೆಯ ಮೇಲೆ ನನ್ನನ್ನು ಕರೆದರು.

"ಏ ಸುಗುಣಾ, ನಿನ್ನ ಮಿಷಿನ್ನಿಗೆ ಬಾಯಿ ಐತೆ, ಕಿವಿ ಇಲ್ಲ ಕಣೆ. ನಾನು ತಟ್ಟಿದ್ದು ಆ ಕಡೆ ಹೋಗ್ಲೇ ಇಲ್ಲ."

"ಇನ್ನು ತಟ್ಟೋದು ಯಾಕೆ ಮುಕ್ತಕ್ಕ, ಮಾತೇ ಆಡಬಹುದಲ್ಲ."

"ಆಡಬಹುದು. ಇಪ್ಪತ್ತಾರು ವರ್ಷ ಆಡದೆ ಇದ್ದೋಳು ಈಗ ಏನ್ ಆಡ್ಲಿ ಹೇಳು."

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಎರಡು ದಿನದ ನಂತರ ತೋಟಪ್ಪನವರು ನನ್ನನ್ನು ಒಳಗೆ ಕರೆದು, ಬೋರ್ಡು ಇನ್ನು ಬೇಡವೆಂದ ಮೇಲೆ ಆಪರೇಟರೂ ಬೇಡವಲ್ಲ ಎಂದರು. "ಮುಕ್ತಮ್ಮನಿಗೆ ತಿಂಗಳ ಕೊನೆ ಶನಿವಾರ ಒಂದು ಸಣ್ಣ ಸಮಾರಂಭ ಮಾಡೋಣ. ಹಾರ, ಶಾಲು, ಎರಡು ಮಾತು. ಎರಡು ಮಾತು ನೀನೇ ಆಡಮ್ಮ, ಈ ಫೋನು ತಂದೋಳು ನೀನು." ಶಾಲನ್ನು ಆಗಲೇ ತರಿಸಿದ್ದರು. ಅವರ ಬೀರುವಿನಲ್ಲಿ ಕಂಡಿತು, ನೇರಳೆ ಬಣ್ಣದ್ದು.

ನಾನು ಹೊರಗೆ ಬಂದು ನೀರು ಕುಡಿದೆ. ಯಂತ್ರ ತರುವಾಗ ಆ ಕುರ್ಚಿಯನ್ನು ನಾನು ಒಂದು ಸಲವೂ ನೆನೆಯಲಿಲ್ಲ, ಇದು ಸತ್ಯ. ಸಂಜೆ ಮುಕ್ತಕ್ಕನ ಜೊತೆ ಬಸ್ ನಿಲ್ದಾಣದವರೆಗೆ ನಡೆದೆ. ಸುದ್ದಿ ಅವರಿಗೆ ಗೊತ್ತಾಗಿತ್ತು.

"ಮನೇಲಿ ಆರಾಮಾಗಿ ಇರಬಹುದಲ್ಲ ಮುಕ್ತಕ್ಕ," ಎಂದೆ, ಹೇಳಲು ಬೇರೇನೂ ಹೊಳೆಯದೆ.

"ನಮ್ಮ ತಂಗಿ ಮನೇಲಿ ಮಧ್ಯಾಹ್ನ ಎಲ್ಲಾರೂ ಮಲಗ್ತಾರೆ ಕಣೆ," ಎಂದರು. "ನನ್ನ ಜೊತೆ ತಟ್ಟೋರು ಯಾರವ್ರೆ ಅಲ್ಲಿ?"

ಬಸ್ಸು ಬಂತು, ಹತ್ತಿದರು. ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

ಹೊಸ ಫೋನಿನ ಇನ್ನೊಂದು ಗುಣವೆಂದರೆ ಅದು ಏನನ್ನೂ ಮರೆಯುವುದಿಲ್ಲ. ಯಾವ ನಂಬರಿನಿಂದ ಎಷ್ಟು ಹೊತ್ತಿಗೆ ಕರೆ ಬಂತು, ಯಾರು ಎತ್ತಿದರು, ಎಷ್ಟು ಸೆಕೆಂಡು ನಡೆಯಿತು, ಎಲ್ಲ ಪಟ್ಟಿಯಲ್ಲಿ ಇರುತ್ತದೆ. ದಿನವೂ ಸಂಜೆ ಆ ಪಟ್ಟಿ ನೋಡುವುದನ್ನು ನಾನೇ ಮೇಲೆ ಹಾಕಿಕೊಂಡಿದ್ದೆ. ಯಾರೂ ಕೇಳಿರಲಿಲ್ಲ, ಆದರೆ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಮೂರನೇ ವಾರದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ನಂಬರಿನಿಂದ ಏಳು ಕರೆಗಳು, ಒಂದರ ಹಿಂದೆ ಒಂದು, ಪ್ರತಿಯೊಂದೂ ಸರಿಯಾಗಿ ಮೂವತ್ತೆಂಟು ಸೆಕೆಂಡು. ನನ್ನ ನಮಸ್ಕಾರಕ್ಕೆ ಹದಿನೆಂಟು, ಆಮೇಲೆ ಸುಮ್ಮನೆ ಇಪ್ಪತ್ತು, ಆಮೇಲೆ ಯಂತ್ರವೇ ಕಟ್ ಮಾಡಿತ್ತು. ಹಿಂದಕ್ಕೆ ತಿರುವಿದೆ. ಹಿಂದಿನ ವಾರವೂ ಏಳು. ಅದರ ಹಿಂದಿನ ವಾರವೂ ಏಳು. ಮೂರೂ ಬುಧವಾರ, ಮೂರೂ ಸಲ ಶುರುವಾದದ್ದು ಎರಡು ಗಂಟೆ ಹತ್ತು ನಿಮಿಷಕ್ಕೆ.

ಕರೆಗಳ ಧ್ವನಿಮುದ್ರಣ ಇರುತ್ತದೆ. ಕಿವಿಗೆ ಹಾಕಿಕೊಂಡು ಇಪ್ಪತ್ತೊಂದನ್ನೂ ಕೇಳಿದೆ. ನನ್ನ ದನಿ ಮುಗಿದ ಮೇಲೆ ಏನೂ ಇಲ್ಲ. ಉಸಿರಿಲ್ಲ, ಫ್ಯಾನಿಲ್ಲ, ತೊಳೆದು ಒರೆಸಿಟ್ಟ ತಟ್ಟೆಯ ಹಾಗಿತ್ತು.

ಯಜಮಾನರಿಗೆ ತೋರಿಸಿದೆ. "ಯಾರೋ ಕೆಲಸ ಇಲ್ದೋರು. ಆ ನಂಬರು ಬರದ ಹಾಗೆ ಮಾಡು," ಎಂದರು. ಹಾಗೆ ಮಾಡಲು ಒಂದು ಗುಂಡಿ ಒತ್ತಿದರೆ ಸಾಕು. ಬೆರಳು ಅದರ ಮೇಲಿಟ್ಟೆ ಕೂಡ. ಆದರೆ ಸಂಜೆ ತರಗತಿಯ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು, ದೋಷ ಕಂಡ ಕೂಡಲೇ ಅಳಿಸಬೇಡಿ, ಅದು ಯಾರದ್ದು ಎಂದು ಮೊದಲು ಕೇಳಿ. ನನಗೆ ಬಹುಮಟ್ಟಿಗೆ ಗೊತ್ತಿತ್ತು, ಅದು ನನ್ನದೇ ಇರಬೇಕು. ಮಾರನೆ ಬೆಳಿಗ್ಗೆ ಮೆಲ್ವಿನ್‌ಗೆ ಫೋನು ಮಾಡಿದೆ.

ಅವರು ತಮ್ಮ ಕಂಪ್ಯೂಟರಿನಲ್ಲಿ ಆ ಕರೆಗಳನ್ನು ತೆರೆದು ನೋಡಿದರು. "ಇಲ್ಲಿ ಎಂತದೋ ಬರ್ತಾ ಉಂಟು ಮೇಡಮ್. ಸಣ್ಣ ಸಣ್ಣ ಗೆರೆ ಏಳ್ತಾ ಉಂಟು. ದನಿ ಅಲ್ಲ ಅಂತ ಯಂತ್ರ ಅದನ್ನು ತೆಗೆದು ಬಿಸಾಡ್ತಾ ಉಂಟು."

"ಗೆರೆ ಹೇಗಿದೆ ಸಾರ್?"

"ಒಂದು. ಆಮೇಲೆ ಗ್ಯಾಪು. ಮತ್ತೆ ಒಂದು. ಹೀಗೇ ಇಪ್ಪತ್ತು ಸೆಕೆಂಡು. ಯಾರಾದ್ರೂ ಬಾಗಿಲು ತಟ್ಟಿದ ಹಾಗೆ."

ರಿಸೀವರ್ ಇಟ್ಟವಳು ನೇರ ಮೆಟ್ಟಿಲ ಕೆಳಗಿನ ಕೋಣೆಗೆ ಹೋದೆ. ಮುಕ್ತಕ್ಕ ಬೋರ್ಡಿನ ಬಳ್ಳಿಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿ ಸುತ್ತಿ ಇಡುತ್ತಿದ್ದರು. ನಾನು ಚೀಟಿಯಲ್ಲಿ ಬರೆದ ನಂಬರನ್ನು ಅವರ ಮುಂದೆ ಇಟ್ಟೆ. ನಂಬರು ನೋಡಿ ಅವರಿಗೆ ಏನೂ ಗುರುತು ಹತ್ತಲಿಲ್ಲ, ಹಳೆಯ ಬೋರ್ಡು ನಂಬರು ತೋರಿಸುತ್ತಿರಲಿಲ್ಲ.

"ಬುಧವಾರ ಮಾಡ್ತಾರೆ ಮುಕ್ತಕ್ಕ. ಎರಡು ಹತ್ತಕ್ಕೆ."

ಅವರು ಬಟ್ಟೆ ಕೆಳಗಿಟ್ಟರು.

"ಇದ್ದಾರಾ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಬದುಕಿದ್ದಾರಾ ಅಂದೆ. ಮೂರು ವಾರ ಆಯ್ತು, ನನ್ನ ದೀಪ ಹತ್ತಲಿಲ್ಲ. ಹೋಗಿಬಿಟ್ರು ಅಂದ್ಕೊಂಡೆ ಕಣೆ ನಾನು. ಯಾರನ್ನ ಕೇಳ್ಲಿ? ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಹೋದ ಬುಧವಾರ ಮನೇಲಿ ತಲೆಗೆ ನೀರು ಹಾಕ್ಕೊಂಡೆ."

ಆಮೇಲೆ ವಿವರಿಸಿದರು. ಆ ಗಿರಾಕಿ ಇಪ್ಪತ್ತೊಂದು ವರ್ಷಗಳಿಂದ ಪ್ರತಿ ಬುಧವಾರ ಕರೆ ಮಾಡುವವರು. ಪಾರ್ಸೆಲ್ಲು ಹೋಗುವುದು ದೂರದ ಒಂದು ಬಸ್ ನಿಲ್ದಾಣಕ್ಕೆ, 'ಬುಧವಾರದ ಟೈಲರ್' ಎಂದು ಬರೆದು, ಆ ಹೆಸರನ್ನೂ ಇಟ್ಟವರು ಮುಕ್ತಕ್ಕನೇ. ಒಂದು ಸಲವೂ ಬಾಯಿಬಿಟ್ಟು ಮಾತಾಡಿದವರಲ್ಲ. ಮುಕ್ತಕ್ಕ ಅದನ್ನು ಮರ್ಯಾದೆ ಎಂದು ತಿಳಿದಿದ್ದರು, ಹೊರಗಿನವರಾದರೂ ನಮ್ಮ ಪದ್ಧತಿಗೆ ಬೆಲೆ ಕೊಡುತ್ತಾರೆ ಎಂದು.

"ಮಿಷಿನ್ನು ಒಂದು ಒತ್ತಿ, ಎರಡು ಒತ್ತಿ ಅಂತಂದ್ರೆ ಅವರು ಎಲ್ಲಿ ಒತ್ತಬೇಕು? ಅವರದು ಬೆರಳು ಹಾಕಿ ತಿರುಗಿಸೋ ಹಳೇ ಫೋನು. ಡಯಲು ವಾಪಸ್ ಬರೋ ಕರ್ರ್ ಅನ್ನೋ ಸದ್ದು ನಾನು ಕೇಳಿದೀನಿ."

"ಮತ್ತೆ ಇಪ್ಪತ್ತೊಂದು ಸಲ ತಟ್ಟಿದ್ದಾರೆ ಮುಕ್ತಕ್ಕ. ಒಂದೇ ಒಂದು, ಬಿಟ್ಟು ಬಿಟ್ಟು. ಇದ್ದೇನೆ ಅಂತ."

ಅವರು ನನ್ನ ಮುಖ ನೋಡಿದರು. "ಇದ್ದೇನೆ ಅಂತಲ್ಲ," ಎಂದರು. "ಇದ್ದೀಯಾ ಅಂತ."

ಕೊನೆಯ ಬುಧವಾರಕ್ಕೆ ಐದು ದಿನ ಉಳಿದಿತ್ತು, ಸಮಾರಂಭಕ್ಕೆ ಎಂಟು. ಸೋಮವಾರ ಬೆಳಿಗ್ಗೆ ಮೆಲ್ವಿನ್ ಜೊತೆ ಕೂತು, ಅಂದರೆ ಅವರು ಅಲ್ಲಿ ನಾನು ಇಲ್ಲಿ ಕೂತು, ಎಲ್ಲವನ್ನೂ ಮತ್ತೆ ತೆರೆದೆ. ನಾನು ಹೆದರಿದ್ದು, ಒಂದನ್ನು ಬದಲಿಸಿದರೆ ಇಡೀ ಕಂಪನಿಯ ಫೋನು ಕೆಟ್ಟರೆ ಎಂದು. ಆದರೆ ಈ ವ್ಯವಸ್ಥೆಯನ್ನು ಮಾಡಿದವರು ಅದನ್ನೂ ಯೋಚಿಸಿದ್ದರು. ಪ್ರತಿ ಒಳನಂಬರಿಗೂ ಬೇರೆ ಬೇರೆ ನಿಯಮ ಇಡಬಹುದಾಗಿತ್ತು. ಮುಕ್ತಕ್ಕನ ಒಳನಂಬರು ಹದಿನೇಳರಲ್ಲಿ ಮಾತ್ರ ಶಬ್ದ ತೆಗೆಯುವ ಚೌಕದ ಟಿಕ್ ಅಳಿಸಿದೆ. ಸುಮ್ಮನಿದ್ದರೆ ಕಟ್ ಮಾಡು ಎನ್ನುವ ಕಡೆ, ಕಟ್ ಮಾಡಬೇಡ, ಹದಿನೇಳಕ್ಕೆ ಕಳಿಸು ಎಂದು ಬದಲಿಸಿದೆ.

"ಅಂದ್ರೆ ಮಾತಾಡದೆ ಇರೋರನ್ನೆಲ್ಲ ಒಬ್ಬರ ಹತ್ರ ಕಳಿಸೋದಾ?" ಎಂದರು ಮೆಲ್ವಿನ್. "ನಿಮ್ಮದು ಎಂತ ಊರು ಮಾರಾಯ್ರೆ. ನಾನು ಈವರೆಗೆ ಯಾರಿಗೂ ಹೀಗೆ ಮಾಡಿ ಕೊಡ್ಲಿಲ್ಲ."

"ಆಗುತ್ತಾ ಸಾರ್?"

"ಆಗ್ತದೆ ಆಗ್ತದೆ. ಅದಕ್ಕೆಂತ, ಯಂತ್ರಕ್ಕೆ ಬೇಜಾರುಂಟಾ?"

ಬುಧವಾರ ಒಂದೂ ಮುಕ್ಕಾಲಿಗೇ ನಾನು ಆ ಕೋಣೆಗೆ ಹೋಗಿ ನಿಂತೆ. ಮುಕ್ತಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಖಾಜಾಸಾಬರು ಬಾಗಿಲಲ್ಲಿ ನಿಂತು ಏನೋ ತಮಾಷೆ ಹೇಳಿದರು, ಅವರ ಕೈಯಲ್ಲಿ ಫೋನಿರಲಿಲ್ಲವಾದ್ದರಿಂದ ಏನೆಂದು ನಮಗೆ ಗೊತ್ತಾಗಲಿಲ್ಲ. ಎರಡು ಹತ್ತಾಯಿತು. ಫೋನು ಬಡಿಯಲಿಲ್ಲ. ಹನ್ನೊಂದು. ಹನ್ನೆರಡು. ಮೂರು ವಾರ ಯಂತ್ರ ಮುಖಕ್ಕೆ ಬಾಗಿಲು ಹಾಕಿದ ಮೇಲೆ ಯಾರು ಮತ್ತೆ ಬರುತ್ತಾರೆ ಎಂದು ನನಗನ್ನಿಸಿತು. ಮುಕ್ತಕ್ಕ ಗಡಿಯಾರ ನೋಡುತ್ತಿರಲಿಲ್ಲ, ಉಂಗುರವನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಆಗ ನೆನಪಾಯಿತು, ನನ್ನ ನಮಸ್ಕಾರ ಹದಿನೆಂಟು ಸೆಕೆಂಡು, ಅದಾದ ಮೇಲೆ ಇಪ್ಪತ್ತು. ಹತ್ತಕ್ಕೆ ಮಾಡಿದ್ದರೂ ಇಷ್ಟರಲ್ಲಿ ಬರಬೇಕಿತ್ತು. ನಾನೆಲ್ಲೋ ತಪ್ಪು ತುಂಬಿರಬೇಕು, ಕರೆ ಬೇರೆಲ್ಲಿಗೋ ಹೋಗಿರಬೇಕು. ಓಡಿ ಹೋಗಿ ಕಂಪ್ಯೂಟರು ನೋಡಲೆಂದು ತಿರುಗಿದೆ.

ಎರಡು ಹದಿನಾಲ್ಕಕ್ಕೆ ಫೋನು ಬಡಿಯಿತು.

ಮುಕ್ತಕ್ಕ ಎತ್ತಿ, ನನಗೂ ಕೇಳಲೆಂದು ಸ್ಪೀಕರಿನ ಗುಂಡಿ ತೋರಿಸಿದರು. ಒತ್ತಿದೆ. ಒಂದು ಹಳೆಯ ಫ್ಯಾನಿನ ಕಿರಿಕಿರಿ, ದೂರದಲ್ಲಿ ಎಲ್ಲೋ ಹೊಲಿಗೆ ಯಂತ್ರದ ಸದ್ದು. ಆಮೇಲೆ ಮರದ ಮೇಲೆ ಗಟ್ಟಿಯಾದ ಯಾವುದೋ ವಸ್ತುವಿನಿಂದ, ಬಹುಶಃ ಕತ್ತರಿಯ ಹಿಡಿಯಿಂದ, ಒಂದು ತಟ್ಟು.

ಮುಕ್ತಕ್ಕ ಉಂಗುರದಿಂದ ಒಂದು ತಟ್ಟಿದರು.

ಆ ಕಡೆ ಎಷ್ಟೋ ಹೊತ್ತು ಏನೂ ಇಲ್ಲ. ಫ್ಯಾನು ಮಾತ್ರ. ಆಮೇಲೆ ಕತ್ತರಿ ಹಿಡಿ ಮೇಜಿನ ಮೇಲೆ ಟಪಟಪ ಎಂದು ಸುರಿಯತೊಡಗಿತು. ಅದು ಒಂದೂ ಅಲ್ಲ, ಎರಡೂ ಅಲ್ಲ, ಯಾವ ಲೆಕ್ಕಕ್ಕೂ ಸಿಗದ ತಟ್ಟು. ಮುಕ್ತಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ಅವರ ನಗು ಕೇಳಿಸುವಂತಿರಲಿಲ್ಲ, ಬಳೆಗಳು ಅಲ್ಲಾಡುವುದು ಕೇಳಿಸುತ್ತಿತ್ತು. ಕೊನೆಗೆ ಆ ಕಡೆ ನಿಂತಿತು. ನಿಧಾನವಾಗಿ ಐದು, ಬಿಟ್ಟು ಎರಡು. ಐವತ್ತೆರಡನೇ ನಂಬರಿನ ಹುಕ್ಕು. ಬಿಟ್ಟು ನಾಲ್ಕು. ನಾಲ್ಕು ಡಜನ್. ಮುಕ್ತಕ್ಕ ಎರಡು ತಟ್ಟಿ ಬರೆದುಕೊಂಡರು.

ನಾಲ್ಕರ ನಂತರ ಕೇಳಿದೆ, ಮಧ್ಯದಲ್ಲಿ ಅಷ್ಟೊಂದು ತಟ್ಟಿದ್ದು ಏನು ಎಂದು.

"ಬೈದ್ರು," ಎಂದರು ಮುಕ್ತಕ್ಕ. "ಚೆನ್ನಾಗಿ ಬೈದ್ರು. ನಿಂಗೂ ಒಂದೆರಡು ಇತ್ತು ಅದ್ರಲ್ಲಿ."

ಗುರುವಾರ, ಶುಕ್ರವಾರ ಒಳನಂಬರು ಹದಿನೇಳಕ್ಕೆ ಇನ್ನೂ ಕರೆಗಳು ಬಂದವು. ನಾನು ಹಳೆಯ ಪಟ್ಟಿ ತೆಗೆದು ಮೂವತ್ತೆಂಟು ಸೆಕೆಂಡಿನ ಕರೆಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದೆ. ಇಷ್ಟು ದಿನ ಅವೆಲ್ಲ ಕೈತಪ್ಪಿನ ಕರೆಗಳೆಂದು ದಾಟಿಸಿದ್ದೆ. ಹನ್ನೊಂದು ಬೇರೆ ಬೇರೆ ನಂಬರುಗಳಿದ್ದವು. ಹನ್ನೊಂದು ಜನ, ಮಾತಾಡದೆ ವ್ಯಾಪಾರ ಮಾಡುವವರು, ಮಾತಿನ ಯಂತ್ರ ಬಂದ ದಿನದಿಂದ ನಮ್ಮ ಬಾಗಿಲಲ್ಲಿ ನಿಂತು ವಾಪಸು ಹೋಗುತ್ತಿದ್ದವರು. ಶುಕ್ರವಾರ ಸಂಜೆ ಕಾಗದ ಹಿಡಿದು ತೋಟಪ್ಪನವರ ಮುಂದೆ ನಿಂತೆ. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. ಆ ಚೌಕಕ್ಕೆ ಟಿಕ್ ಹಾಕಿದವಳು ನಾನು, ಮುಕ್ತಕ್ಕನ ಕುರ್ಚಿ ಇರಬೇಕು, ಬೇಕಾದರೆ ನಾನು ಗೋದಾಮಿಗೆ ವಾಪಸು ಹೋಗುತ್ತೇನೆ, ಇಷ್ಟೇ ಹೇಳಿದೆ.

ಅವರು ಪಟ್ಟಿಯನ್ನು ಎರಡು ಸಲ ಓದಿದರು. "ಇದು," ಎಂದು ಒಂದು ನಂಬರಿನ ಮೇಲೆ ಬೆರಳಿಟ್ಟರು, "ನಮ್ಮಪ್ಪನ ಕಾಲದ ಗಿರಾಕಿ ಕಣಮ್ಮ. ಈಗ ನಮ್ಮನ್ನ ಬಿಟ್ರು ಅಂತ ನಾನು ಬೇಜಾರು ಮಾಡ್ಕೊಂಡಿದ್ದೆ." ಆಮೇಲೆ ಬೀರು ತೆಗೆದು ಶಾಲನ್ನು ನನ್ನ ಕೈಗೆ ಕೊಟ್ಟರು. "ಕೊಡು ಹೋಗು ಆಯಮ್ಮನಿಗೆ. ಸಮಾರಂಭ ಬೇಡ. ಸೋಮವಾರ ಬರ್ಲಿ. ನೀನು ಗೋದಾಮಿಗೆ ಹೋದ್ರೆ ಈ ಫೋನಿನ ಡಬ್ಬಿಗಳನ್ನ ಯಾರು ನೋಡ್ಕೊಳ್ಳೋರು?"

ಮುಕ್ತಕ್ಕ ಆ ನೇರಳೆ ಶಾಲನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಹಾಕಿಕೊಂಡು ಕೂತರು. ಈಗಲೂ ಅಲ್ಲೇ ಕೂತಿದ್ದಾರೆ. ಕಂಪನಿಯ ಬೇರೆ ಎಲ್ಲ ಕಡೆ ಮಧ್ಯಾಹ್ನ ಮಾತು ನಡೆಯುತ್ತದೆ, ಆರ್ಡರುಗಳು ಮೊದಲಿಗಿಂತ ಹೆಚ್ಚಾಗಿವೆ, ಊರಿನ ಔಷಧಿ ಅಂಗಡಿ ಮತ್ತು ಸಹಕಾರಿ ಬ್ಯಾಂಕಿಗೂ ನಾನೇ ಹೋಗಿ ಈ ಫೋನು ಹಾಕಿಕೊಟ್ಟೆ. ಆ ಯಂತ್ರದ ಮೇಲೆ ನನಗೆ ಈಗಲೂ ಅದೇ ಬೆರಗು. ಮಾತನ್ನು ಚೂರು ಮಾಡಿ ಮತ್ತೆ ಜೋಡಿಸುವುದು ದೊಡ್ಡದೇ. ಒಬ್ಬ ಸಾಮಾನ್ಯ ಹೆಂಗಸು ಒಂದು ಟಿಕ್ ಅಳಿಸಿದರೆ ಮರುಮಾತಿಲ್ಲದೆ ಕೇಳಿಸಿಕೊಳ್ಳಲು ಒಪ್ಪಿತಲ್ಲ, ಅದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಹೊಸ ಜಾಗದಲ್ಲಿ ಹಾಕುವಾಗ ಆ ಪುಟ ಬಂದರೆ ನಾನು ಮೊದಲು ಅಲ್ಲಿಯವರನ್ನು ಕೇಳುತ್ತೇನೆ, ನಿಮಗೆ ದನಿ ಬಿಟ್ಟು ಬೇರೆ ಏನಾದರೂ ಕೇಳಿಸಬೇಕೇ ಎಂದು. ಬಹಳ ಜನ ಬೇಡ ಎನ್ನುತ್ತಾರೆ. ನಾನು ಇನ್ನೊಂದು ಸಲ ಕೇಳುತ್ತೇನೆ.

ಬುಧವಾರದ ಟೈಲರ್ ಯಾರೆಂದು ನನಗೆ ಗೊತ್ತಿಲ್ಲ. ಹೋದ ವರ್ಷ ಒಂದು ಬುಧವಾರ ಮಧ್ಯಾಹ್ನ ನಮಗೆ ರಜೆ ಇತ್ತು. ಅದು ಅವರಿಗೆ ಹೇಗೆ ತಿಳಿಯಿತೋ, ಬೆಳಿಗ್ಗೆ ಹತ್ತಕ್ಕೇ ಕರೆ ಬಂತು. ನಮ್ಮೂರಿನಲ್ಲಿ ಎಲ್ಲರ ದನಿಯೂ ಇದ್ದ ಹೊತ್ತು. ಮುಕ್ತಕ್ಕ ಎತ್ತಿ, ಮೊದಲ ಸಲ, "ನಾನು ಮುಕ್ತಾಬಾಯಿ. ಮಾತಾಡಬಹುದು ನೀವು," ಎಂದರು. ಆ ಕಡೆ ಒಂದು ಗಳಿಗೆ ಫ್ಯಾನು ತಿರುಗಿತು. ಆಮೇಲೆ ಕತ್ತರಿಯ ಹಿಡಿ ಒಂದು ಸಲ ತಟ್ಟಿತು, ಅಷ್ಟೆ. ಅವರಿಗೆ ಮಾತು ಬರುವುದಿಲ್ಲವೋ, ಅವರ ಊರಿನಲ್ಲಿ ಇಡೀ ದಿನ ಮಧ್ಯಾಹ್ನವೋ, ಅವರು ಗಂಡಸೋ ಹೆಂಗಸೋ, ನನಗೆ ಗೊತ್ತಿಲ್ಲ. ವ್ಯವಸ್ಥೆಯಲ್ಲಿ ಆ ನಂಬರಿನ ಮುಂದೆ ಹೆಸರು ತುಂಬುವ ಒಂದು ಖಾಲಿ ಜಾಗವಿದೆ, ತುಂಬದಿದ್ದರೆ ಪ್ರತಿ ಸಲ ಕೆಂಪಾಗಿ ತೋರಿಸುತ್ತದೆ. ಕೇಳಿ ತುಂಬಲೇ ಎಂದು ಮುಕ್ತಕ್ಕನನ್ನು ಒಂದು ಮಧ್ಯಾಹ್ನ ಚೀಟಿಯಲ್ಲಿ ಬರೆದು ಕೇಳಿದೆ. ಅವರು ಮೇಜಿನ ಮೇಲೆ ಮೂರು ಸಲ ತಟ್ಟಿದರು.